ಕಾರ್ನಾಡರ ನಾಟಕಕ್ಕೆ ಟಿಕೆಟ್ ಸಿಕ್ಕಿದೆ, ಅರ್ಥ ಆಗುತ್ತಾ?

ಯಾರೋ ಸ್ನೇಹಿತರು ‘ತುಘಲಕ್’ ನಾಟಕಕ್ಕೆ ಟಿಕೆಟ್ ತಂದುಕೊಟ್ಟಿರುತ್ತಾರೆ. ಇಲ್ಲವೇ ಮಗಳ ಕಾಲೇಜು ಪಠ್ಯದಲ್ಲಿ ‘ಹಯವದನ’ ಬಂದಿರುತ್ತದೆ. ರಾತ್ರಿ ಹತ್ತು ಗಂಟೆಗೆ ಅವಳು ಪುಸ್ತಕ ಹಿಡಿದುಕೊಂಡು ಬಂದು, “ಅಮ್ಮಾ, ಇದರಲ್ಲಿ ತಲೆ ಯಾರದ್ದು, ಮೈ ಯಾರದ್ದು?” ಅಂತ ಕೇಳುತ್ತಾಳೆ. ಅಮ್ಮನಿಗೆ ಗಿರೀಶ ಕಾರ್ನಾಡರು ಗೊತ್ತು, ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ಅಪ್ಪನಾಗಿ. ಮಗಳಿಗೂ ಗೊತ್ತು, ‘ಏಕ್ ಥಾ ಟೈಗರ್’ನಲ್ಲಿ ಸಲ್ಮಾನ್ ಖಾನ್‌ಗೆ ಬಾಸ್ ಆಗಿದ್ದವರು ಅಂತ. ನಾಟಕಕಾರ ಕಾರ್ನಾಡರು ಮಾತ್ರ ಇಬ್ಬರಿಗೂ ಅಷ್ಟಕ್ಕಷ್ಟೆ.

ಹಾಗಾಗಿ ಬುಡದಿಂದ ಶುರು ಮಾಡೋಣ. ಇಲ್ಲಿ ಅವರ ಎಲ್ಲ ನಾಟಕಗಳ ಕಥೆಯೂ ಇಲ್ಲ. ಅವರು ಕಥೆಯನ್ನು ಹೇಗೆ ಹಿಡಿಯುತ್ತಿದ್ದರು ಅನ್ನುವುದು ಗೊತ್ತಾದರೆ ಯಾವ ನಾಟಕಕ್ಕೆ ಹೋದರೂ ದಾರಿ ತಪ್ಪುವುದಿಲ್ಲ.

ಯಾರು ಇವರು?

ಹುಟ್ಟಿದ್ದು 1938ರ ಮೇ 19ರಂದು, ಮಹಾರಾಷ್ಟ್ರದ ಮಾಥೇರಾನ್‌ನಲ್ಲಿ. ಮನೆಮಾತು ಕೊಂಕಣಿ. ಬೆಳೆದದ್ದು ಶಿರಸಿ ಮತ್ತು ಧಾರವಾಡದಲ್ಲಿ. ಅಮ್ಮ ನರ್ಸ್ ಆಗಿದ್ದವರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ ಒಂದು ಮಗುವನ್ನೂ ಸಾಕುತ್ತಿದ್ದವರು. ಆಮೇಲೆ ಡಾಕ್ಟರ್ ಕಾರ್ನಾಡರನ್ನು ಮದುವೆಯಾದರು. ಆ ಕಾಲಕ್ಕೆ ಇದು ಸಣ್ಣ ಧೈರ್ಯ ಅಲ್ಲ. ಗಿರೀಶರು ಹೊಟ್ಟೆಯಲ್ಲಿದ್ದಾಗ ಇನ್ನೊಂದು ಮಗು ಬೇಡವೆಂದು ತಾಯಿ ಪುಣೆಯ ಒಬ್ಬ ವೈದ್ಯೆಯ ಕ್ಲಿನಿಕ್‌ಗೆ ಹೋಗಿದ್ದರಂತೆ. ಕಾದರು, ವೈದ್ಯೆ ಬರಲಿಲ್ಲ, ಎದ್ದು ವಾಪಸ್ ಬಂದರು. ಈ ಸಂಗತಿಯನ್ನು ಕಾರ್ನಾಡರೇ ತಮ್ಮ ಆತ್ಮಕಥೆ ‘ಆಡಾಡತ ಆಯುಷ್ಯ’ದಲ್ಲಿ (2011) ಬರೆದಿದ್ದಾರೆ. ಪುಸ್ತಕವನ್ನು ಅರ್ಪಿಸಿರುವುದೂ ಅವತ್ತು ಬಾರದಿದ್ದ ಆ ವೈದ್ಯೆಗೇ.

ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿದರು. ರೋಡ್ಸ್ ವಿದ್ಯಾರ್ಥಿವೇತನ ಸಿಕ್ಕಿ 1960ರಲ್ಲಿ ಆಕ್ಸ್‌ಫರ್ಡ್‌ಗೆ ಹೋದರು. ವಾಪಸ್ ಬಂದು ಮದ್ರಾಸಿನಲ್ಲಿ ಒಂದು ಪ್ರಕಾಶನ ಸಂಸ್ಥೆಯಲ್ಲಿ ಕೆಲಸ ಮಾಡಿದರು. 1970ರಲ್ಲಿ ‘ಸಂಸ್ಕಾರ’ ಸಿನಿಮಾ ಬಂತು. ಅಲ್ಲಿಂದ ನಟನೆ, ನಿರ್ದೇಶನ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, ದೆಹಲಿಯ ಸಂಗೀತ ನಾಟಕ ಅಕಾಡೆಮಿ, ಲಂಡನ್ನಿನ ನೆಹರು ಸೆಂಟರ್ ಅಂತ ಒಂದರ ಹಿಂದೆ ಒಂದು. 1998ರ ಜ್ಞಾನಪೀಠ ಪ್ರಶಸ್ತಿ ಇವರಿಗೆ ಬಂತು. ಕನ್ನಡಕ್ಕೆ ಅದು ಏಳನೆಯದು. 2019ರ ಜೂನ್ 10ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಪೆಟ್ರೋಮ್ಯಾಕ್ಸ್ ಮತ್ತು ಡಿಮ್ಮರ್

ಶಿರಸಿಯಲ್ಲಿ ಹುಡುಗ ಗಿರೀಶ ಎರಡು ಬಗೆಯ ಆಟ ನೋಡಿದ. ಒಂದು ಯಕ್ಷಗಾನ. ಅದರಲ್ಲಿ ಭಾಗವತ ಹಾಡಿ ಕಥೆ ನಡೆಸುತ್ತಾನೆ. ಹೊಸ ವೇಷ ಬರುವಾಗ ಇಬ್ಬರು ಒಂದು ತೆರೆ ಹಿಡಿದು ನಿಲ್ಲುತ್ತಾರೆ. ಕಿರೀಟ ಮೇಲೆ ಕಾಣುತ್ತದೆ, ಕಾಲು ಕೆಳಗೆ ಕಾಣುತ್ತದೆ, ಮುಖ ಮಾತ್ರ ಕಾಣುವುದಿಲ್ಲ. ಇನ್ನೊಂದು ಕಂಪನಿ ನಾಟಕ. ಊರೂರು ಸುತ್ತುವ ವೃತ್ತಿ ಮಂಡಳಿಗಳು, ಬಣ್ಣದ ಪರದೆಗಳು, ಹಾಡು, ಹಾಸ್ಯ. ಎರಡಕ್ಕೂ ಬೆಳಕು ಅಂದರೆ ಪಂಜು ಇಲ್ಲವೇ ಪೆಟ್ರೋಮ್ಯಾಕ್ಸ್.

ಮುಂದೆ ಮುಂಬೈಗೆ ಹೋದಾಗ ಇಬ್ರಾಹಿಂ ಅಲ್ಕಾಝಿ ನಿರ್ದೇಶಿಸಿದ್ದ, ಸ್ವೀಡನ್ನಿನ ನಾಟಕಕಾರ ಸ್ಟ್ರಿಂಡ್‌ಬರ್ಗನ ‘ಮಿಸ್ ಜೂಲಿ’ ನೋಡಿದರು. ಪಾತ್ರಗಳು ಒಬ್ಬರನ್ನೊಬ್ಬರು ಮಾತಿನಲ್ಲೇ ಹರಿದು ತಿನ್ನುವ ನಾಟಕ ಅದು. ಅದಕ್ಕಿಂತ ಜಾಸ್ತಿ ತಮ್ಮನ್ನು ಹಿಡಿದದ್ದು ರಂಗದ ಮೇಲಿನ ದೀಪ ನಿಧಾನಕ್ಕೆ ಮಂಕಾಗಿ ಕತ್ತಲಾದ ರೀತಿ ಅಂತ ಅವರು ಬರೆದಿದ್ದಾರೆ. ಡಿಮ್ಮರ್ ಅನ್ನುವ ವಸ್ತುವನ್ನು ಅವರು ಅದೇ ಮೊದಲು ಕಂಡದ್ದು. ಪೆಟ್ರೋಮ್ಯಾಕ್ಸ್ ಉರಿಯುವ ಕಡೆ ಎಲ್ಲವೂ ಬಯಲು. ದೀಪ ಹೀಗೆ ಮಂಕಾಗಬಲ್ಲದು ಅಂತಾದರೆ ಮನಸ್ಸಿನ ಒಳಗಿನ ಮೂಲೆಗಳನ್ನೂ ರಂಗದ ಮೇಲೆ ತೋರಿಸಬಹುದು.

ಕಾರ್ನಾಡರ ನಾಟಕದಲ್ಲಿ ಈ ಎರಡೂ ಬೆಳಕು ಇವೆ. ಹೊರಗೆ ಭಾಗವತ, ತೆರೆ, ಹಾಡು, ಮಾತಾಡುವ ಗೊಂಬೆ. ಒಳಗೆ ನಮ್ಮ ನಿಮ್ಮಂಥವರ ಗೋಜಲು.

ಹಳೆಯ ಕಥೆಯೇ ಯಾಕೆ?

ಜನ ಜಾಸ್ತಿ ಕೇಳುವ ಪ್ರಶ್ನೆ ಇದು. ಯಯಾತಿ, ತುಘಲಕ್, ಬಸವಣ್ಣ, ಟಿಪ್ಪು, ರಾಮರಾಯ. ಇವರಿಗೆ ಹೊಸ ಕಥೆಯೇ ಸಿಗಲಿಲ್ವಾ?

ಹಳೆ ಮನೆ ನೋಡಲು ಬಂದ ಮೇಸ್ತ್ರಿಯನ್ನು ನೆನಪಿಸಿಕೊಳ್ಳಿ. ಅವನು ಬಣ್ಣ ನೋಡುವುದಿಲ್ಲ. ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗುತ್ತಾನೆ. ಎಲ್ಲಿ ಟೊಳ್ಳು ಸದ್ದು ಬಂತೋ ಅಲ್ಲಿ ನಿಲ್ಲುತ್ತಾನೆ. ಕಾರ್ನಾಡರು ಹಳೆಯ ಕಥೆಗಳನ್ನು ತಟ್ಟಿದ್ದು ಹೀಗೇ. ಪುರಾಣವಾಗಲಿ ಇತಿಹಾಸವಾಗಲಿ, ಎಲ್ಲೋ ಒಂದು ಕಡೆ ಗಂಟಲು ಸರಿಮಾಡಿಕೊಂಡು ಬೇಗ ಮುಂದೆ ಹೋಗಿಬಿಡುತ್ತದೆ. ಇವರು ಅಲ್ಲೇ ಕೂತುಬಿಡುತ್ತಾರೆ.

ಮೊದಲ ನಾಟಕ ‘ಯಯಾತಿ’ಯನ್ನೇ ನೋಡಿ. ಮಹಾಭಾರತದ ಆದಿಪರ್ವದ ಕಥೆ. ಶುಕ್ರಾಚಾರ್ಯರ ಶಾಪದಿಂದ ಯಯಾತಿ ರಾಜನಿಗೆ ಅಕಾಲ ಮುಪ್ಪು ಬರುತ್ತದೆ. ಯಾರಾದರೂ ಮುಪ್ಪನ್ನು ತೆಗೆದುಕೊಂಡು ತಮ್ಮ ಯೌವನ ಕೊಟ್ಟರೆ ಶಾಪದಿಂದ ಪಾರು. ಕಿರಿಯ ಮಗ ಪುರು ಒಪ್ಪುತ್ತಾನೆ. ಪುರಾಣ ಅವನನ್ನು ಹೊಗಳಿ ಮುಂದೆ ಸಾಗುತ್ತದೆ. ಕಾರ್ನಾಡರು ಅಲ್ಲಿ ತಟ್ಟಿದರು: ಪುರುವಿಗೆ ಹೆಂಡತಿ ಇದ್ದಿದ್ದರೆ? ಹೀಗೆ ಹುಟ್ಟಿದವಳು ಚಿತ್ರಲೇಖೆ. ಮೂಲದಲ್ಲಿ ಇಲ್ಲದವಳು. ಆಗಷ್ಟೇ ಮದುವೆಯಾಗಿ ಬಂದವಳು ದೀಪ ಹಿಡಿದು ನೋಡಿದರೆ ಗಂಡ ಹಣ್ಣು ಮುದುಕ. ಅವಳು ಮಾವನನ್ನೇ ಕೇಳುತ್ತಾಳೆ: ನನ್ನ ಗಂಡನ ಯೌವನ ಈಗ ನಿಮ್ಮ ಹತ್ತಿರ ಇದೆಯಲ್ಲ, ಹಾಗಾದರೆ ನಾನು ಯಾರ ಹೆಂಡತಿ? ಯಯಾತಿಯ ಬಾಯಿ ಕಟ್ಟುತ್ತದೆ. ಅವಳು ವಿಷ ಕುಡಿಯುತ್ತಾಳೆ.

ಇದನ್ನು ಬರೆದಾಗ ಕಾರ್ನಾಡರಿಗೆ ಇಪ್ಪತ್ತೆರಡರ ಆಸುಪಾಸು. ಇಂಗ್ಲಿಷ್ ಕವಿ ಆಗಬೇಕು ಅಂತ ಕನಸು ಕಟ್ಟಿಕೊಂಡಿದ್ದ ಹುಡುಗ ವಿದೇಶಕ್ಕೆ ಹೊರಟಿದ್ದ. ಹೋದವನು ವಾಪಸ್ ಬರ್ತಾನಾ, ಅಲ್ಲೇ ಯಾರನ್ನಾದರೂ ಮದುವೆ ಆಗಿಬಿಡ್ತಾನಾ ಅಂತ ಮನೆಯಲ್ಲಿ ಆತಂಕ. ಹಿರಿಯರ ನೆಮ್ಮದಿಗೆ ಕಿರಿಯರ ಬದುಕು ಒತ್ತೆ ಇಡಬೇಕೇ ಅನ್ನುವ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಅದು ಹೊರಬಂದದ್ದು ಕವಿತೆಯಾಗಿ ಅಲ್ಲ, ನಾಟಕವಾಗಿ. ಇಂಗ್ಲಿಷಿನಲ್ಲಿ ಅಲ್ಲ, ಕನ್ನಡದಲ್ಲಿ. ತಮಗೇ ಇದು ಆಶ್ಚರ್ಯ ತಂದಿತು ಅಂತ ಅವರು ಹೇಳಿಕೊಂಡಿದ್ದಾರೆ. 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಅದನ್ನು ಅಚ್ಚು ಹಾಕಿತು. ಪ್ರಕಾಶಕ ಜಿ.ಬಿ. ಜೋಶಿ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಕೂತು ಹರಟುತ್ತಿದ್ದ ಗ್ರಂಥಮಾಲೆಯ ‘ಅಟ್ಟ’ ಕಾರ್ನಾಡರಿಗೆ ಎರಡನೇ ಕಾಲೇಜು ಇದ್ದ ಹಾಗೆ.

ತುಘಲಕ್: ಪರದೆಯ ಮುಂದೆ, ಪರದೆಯ ಹಿಂದೆ

ಎರಡನೆಯ ನಾಟಕಕ್ಕೆ ಕಿಡಿ ಹೊತ್ತಿದ್ದು ಕುರ್ತಕೋಟಿಯವರ ಒಂದು ತಕರಾರಿನಿಂದ. ನಮ್ಮಲ್ಲಿ ಇತಿಹಾಸವನ್ನು ಇವತ್ತಿನ ಕಣ್ಣಿನಿಂದ ನೋಡುವ ಐತಿಹಾಸಿಕ ನಾಟಕ ಇಲ್ಲ ಅಂತ ಅವರು ಬರೆದಿದ್ದರು. ಕಾರ್ನಾಡರು ಇತಿಹಾಸದ ಪುಸ್ತಕ ಹಿಡಿದು ಕೂತರು. ಮುಹಮ್ಮದ್ ಬಿನ್ ತುಘಲಕ್ ಸಿಕ್ಕಿದ. 1964ರಲ್ಲಿ ನಾಟಕ ಪ್ರಕಟವಾಯಿತು.

ತುಘಲಕ್ ಅಂದರೆ ನಮಗೆಲ್ಲ ಶಾಲೆಯಲ್ಲಿ ಕಲಿಸಿದ್ದು ಹುಚ್ಚು ದೊರೆ ಅಂತ. ರಾಜಧಾನಿಯನ್ನು ದೆಹಲಿಯಿಂದ ದೌಲತಾಬಾದ್‌ಗೆ, ಅಂದರೆ ಹಳೆಯ ದೇವಗಿರಿಗೆ, ಸಾಗಿಸಿದವನು. ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಬೆಲೆ ಅಂದವನು. ಈಗಲೂ ಸರ್ಕಾರ ಎಡವಟ್ಟು ಮಾಡಿದರೆ ‘ತುಘಲಕ್ ದರ್ಬಾರು’ ಅಂತೇವೆ. ಕಾರ್ನಾಡರು ತಟ್ಟಿದ ಜಾಗ ಇದೇ. ಇಷ್ಟು ಓದಿದ, ಇಷ್ಟು ಬುದ್ಧಿವಂತನಾದ, ಹಿಂದೂ ಮುಸ್ಲಿಮರಿಗೆ ಒಂದೇ ನ್ಯಾಯ ಅಂದ ದೊರೆ ಯಾಕೆ ಸೋತ?

ನಾಟಕದಲ್ಲಿ 13 ದೃಶ್ಯಗಳಿವೆ. ಅವುಗಳ ಜೋಡಣೆ ಅರ್ಥವಾಗಬೇಕಾದರೆ ಕಂಪನಿ ನಾಟಕದ ಒಂದು ಕಟ್ಟುಪಾಡು ಗೊತ್ತಿರಬೇಕು. ಅರಮನೆಯ ದೊಡ್ಡ ದೃಶ್ಯ ಮುಗಿದು ಮುಂದಿನ ದೊಡ್ಡ ದೃಶ್ಯ ಬರಬೇಕಾದರೆ ಸಿಂಹಾಸನ ಎತ್ತಿಡಬೇಕು, ಕಂಬ ನಿಲ್ಲಿಸಬೇಕು. ಅಷ್ಟು ಹೊತ್ತು ಪ್ರೇಕ್ಷಕರನ್ನು ಸುಮ್ನೆ ಕೂರಿಸೋಕಾಗುತ್ತಾ? ಬೀದಿಯ ಚಿತ್ರ ಇರುವ ಪರದೆ ಇಳಿಬಿಟ್ಟು, ಅದರ ಮುಂದಿನ ಕಿರಿದಾದ ಜಾಗದಲ್ಲಿ ಹಾಸ್ಯದವರು ಬಂದು ನಗಿಸುತ್ತಿದ್ದರು. ಹಿಂದೆ ಸುತ್ತಿಗೆ ಸದ್ದು, ಮುಂದೆ ಚಪ್ಪಾಳೆ. ದೊರೆ ಹಿಂದಿನ ಜಾಗದವನು, ಸಾಮಾನ್ಯರು ಮುಂದಿನ ಜಾಗದವರು. ಇಬ್ಬರೂ ಬೆರೆಯುವುದಿಲ್ಲ.

ಕಾರ್ನಾಡರು ಈ ಅಚ್ಚನ್ನೇ ಎತ್ತಿಕೊಂಡರು. ಅರಮನೆಯಲ್ಲಿ ಸುಲ್ತಾನ. ಬೀದಿಯಲ್ಲಿ ಅಝೀಝ್ ಅನ್ನುವ ಅಗಸ ಮತ್ತು ಅವನ ಗೆಳೆಯ, ಕಿಸೆಗಳ್ಳ ಆಝಂ. ಮೊದಲ ದೃಶ್ಯದಲ್ಲೇ ಅಝೀಝ್ ಬ್ರಾಹ್ಮಣನ ವೇಷ ಹಾಕಿಕೊಂಡು ಸುಲ್ತಾನನ ಮೇಲೇ ದಾವೆ ಹೂಡಿ ಗೆದ್ದಿರುತ್ತಾನೆ. ಸುಲ್ತಾನ ತಂದ ಒಂದೊಂದು ಒಳ್ಳೆ ಕಾನೂನಿಗೂ ಇವನ ಹತ್ತಿರ ಒಂದೊಂದು ಕಳ್ಳದಾರಿ. ನ್ಯಾಯ ಎಲ್ಲರಿಗೂ ಸಮ ಅಂದರೆ ಸುಳ್ಳು ದಾವೆ. ತಾಮ್ರದ ನಾಣ್ಯ ಬಂದರೆ ಖೋಟಾ ನಾಣ್ಯ. ನಾಟಕ ನಡೆದ ಹಾಗೆ ಪರದೆಯ ಮುಂದಿನವನು ಮೆಲ್ಲಗೆ ಹಿಂದಕ್ಕೆ ನುಗ್ಗುತ್ತಾನೆ. ಸುಲ್ತಾನ ಗೌರವದಿಂದ ಕರೆಸಿಕೊಂಡ ಖಲೀಫರ ವಂಶದವನನ್ನು ದಾರಿಯಲ್ಲೇ ಕೊಂದು, ಅವನ ಉಡುಪಿನಲ್ಲಿ ಸುಲ್ತಾನನ ಎದುರೇ ಬಂದು ನಿಲ್ಲುತ್ತಾನೆ. ಹಾಸ್ಯದವನು ಅರಮನೆಯ ದೃಶ್ಯದೊಳಗೆ! ಕಂಪನಿ ನಾಟಕ ನೋಡಿ ಬೆಳೆದ ಪ್ರೇಕ್ಷಕರಿಗೆ ಇದು ಎಷ್ಟು ಕಸಿವಿಸಿ ತಂದಿರಬೇಕು ಅಂತ ಊಹಿಸಿ.

ನೋಡುವಾಗ ಇನ್ನೂ ಎರಡು ಸಂಗತಿ ಗಮನಿಸಿ. ಒಂದು, ಪ್ರಾರ್ಥನೆ. ಎಲ್ಲರೂ ದಿನಕ್ಕೆ ಐದು ಹೊತ್ತು ಪ್ರಾರ್ಥಿಸಲಿ ಅಂದ ದೊರೆಯನ್ನು ಕೊಲ್ಲಲು ಸಂಚುಗಾರರು ಆರಿಸುವುದು ಪ್ರಾರ್ಥನೆಯ ಹೊತ್ತನ್ನೇ. ಆಮೇಲೆ ಅವನು ಪ್ರಾರ್ಥನೆಯನ್ನೇ ನಿಷೇಧಿಸುತ್ತಾನೆ. ಎರಡು, ಗುಲಾಬಿ ತೋಟ. ಕನಸಿನಲ್ಲಿ ಕಟ್ಟಿದ ಆ ತೋಟದಲ್ಲಿ ಕೊನೆಗೆ ಬಂದು ಬೀಳುವುದು ಖೋಟಾ ನಾಣ್ಯಗಳ ರಾಶಿ.

ನೆಹರೂ ತೀರಿಕೊಂಡ ವರ್ಷವೇ ನಾಟಕ ಬಂದದ್ದರಿಂದ, ಸ್ವಾತಂತ್ರ್ಯದ ಕನಸು ಸೋತದ್ದನ್ನು ಹಲವರು ಇದರಲ್ಲಿ ಕಂಡರು. ದೆಹಲಿಯಲ್ಲಿ ಅಲ್ಕಾಝಿ ಇದನ್ನು ಪುರಾನಾ ಕಿಲಾದ ಪಾಳುಗೋಡೆಗಳ ನಡುವೆ ಆಡಿಸಿದರು. ಕನ್ನಡದಲ್ಲಿ ತುಘಲಕ್ ಅಂದರೆ ಒಂದು ತಲೆಮಾರಿಗೆ ಸಿ.ಆರ್. ಸಿಂಹ ಅವರೇ ಕಣ್ಣ ಮುಂದೆ ಬರುತ್ತಾರೆ.

ಹಯವದನ: ತಲೆ ಯಾರದ್ದು?

ಈಗ ಆ ಮಗಳ ಪ್ರಶ್ನೆಗೆ ಬರೋಣ.

ಬೇತಾಳ ವಿಕ್ರಮನಿಗೆ ಹೇಳುವ ಕಥೆಗಳಲ್ಲಿ ಒಂದು ಹೀಗಿದೆ. ದೇವಿಯ ಗುಡಿಯಲ್ಲಿ ಒಬ್ಬಳ ಗಂಡನೂ ಅವಳ ಒಡಹುಟ್ಟಿದವನೂ ತಲೆ ಕಡಿದುಕೊಳ್ಳುತ್ತಾರೆ. ದೇವಿ ಒಲಿದು, ತಲೆ ಜೋಡಿಸು ಅನ್ನುತ್ತಾಳೆ. ಗಡಿಬಿಡಿಯಲ್ಲಿ ಇವಳು ತಲೆಗಳನ್ನು ಅದಲುಬದಲು ಮಾಡುತ್ತಾಳೆ. ಈಗ ಗಂಡ ಯಾರು? ವಿಕ್ರಮ ಹೇಳುತ್ತಾನೆ: ಅಂಗಗಳಲ್ಲಿ ತಲೆಯೇ ಮುಖ್ಯ, ಗಂಡನ ತಲೆ ಇರುವವನೇ ಗಂಡ. ಬೇತಾಳ ಮರಕ್ಕೆ ಹಾರುತ್ತದೆ, ಕಥೆ ಮುಗಿಯಿತು. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಇದನ್ನು ಒಂದು ಕಿರುಕಾದಂಬರಿಯಾಗಿ ಬರೆದು, ಒಡಹುಟ್ಟಿದವನ ಜಾಗಕ್ಕೆ ಗೆಳೆಯನನ್ನು ತಂದ. ಕಾರ್ನಾಡರು ಇವೆರಡನ್ನೂ ಎದುರಿಗಿಟ್ಟುಕೊಂಡರು.

ಅವರ ನಾಟಕದಲ್ಲಿ (1971) ದೇವದತ್ತ ಓದುಬರಹದ ಬ್ರಾಹ್ಮಣ, ಮೈ ಮೆದು. ಕಪಿಲ ಕಮ್ಮಾರನ ಮಗ, ಮೈ ಕಬ್ಬಿಣ. ಇಬ್ಬರೂ ಜೀವದ ಗೆಳೆಯರು. ಪದ್ಮಿನಿ ದೇವದತ್ತನ ಹೆಂಡತಿ. ಕಣ್ಣು ಮಾತ್ರ ಕಪಿಲನ ಮೇಲೂ ಹೋಗುತ್ತದೆ. ಕಾಳಿಯ ಗುಡಿಯಲ್ಲಿ ತಲೆ ಬದಲಾಗುತ್ತದೆ. ಅಂದ ಹಾಗೆ ಈ ಕಾಳಿ ನಿದ್ದೆಗಣ್ಣಿನವಳು, ಆಕಳಿಸುತ್ತಾ ವರ ಕೊಡುವವಳು. ಕೊಳದ ನೀರಿನ ಹಾಗೆ ಗಂಭೀರವಾಗಿದ್ದ ಸಭೆ ಅಲ್ಲಿ ನಕ್ಕುಬಿಡುತ್ತದೆ. ಒಬ್ಬ ಋಷಿಯೂ ಬಂದು ವಿಕ್ರಮನ ಉತ್ತರವನ್ನೇ ಕೊಡುತ್ತಾನೆ. ಹಾಗಾಗಿ ದೇವದತ್ತನ ತಲೆ, ಕಪಿಲನ ಮೈ ಇರುವವನೇ ಗಂಡ. ಪದ್ಮಿನಿಗೆ ಬುದ್ಧಿವಂತ ತಲೆಯೂ ಸಿಕ್ಕಿತು, ಗಟ್ಟಿ ಮೈಯೂ ಸಿಕ್ಕಿತು. ಲಾಟರಿ!

ಬೇತಾಳ ಇಲ್ಲಿಗೆ ಹಾರಿಹೋಗಿತ್ತು. ಕಾರ್ನಾಡರು ಹೋಗುವುದಿಲ್ಲ. ಮಾರನೇ ದಿನ ಏನಾಯಿತು, ಮಾರನೇ ವರ್ಷ ಏನಾಯಿತು ಅಂತ ನೋಡುತ್ತಾರೆ. ಓದುಗನ ತಲೆ ಹೊತ್ತ ಗಟ್ಟಿ ಮೈ ಕೂತು ಕೂತು ಮೆತ್ತಗಾಗುತ್ತದೆ. ಕಾಡಿಗೆ ಹೋದ ಕಪಿಲನ ತಲೆ ಆ ಮೆದು ಮೈಯನ್ನು ದುಡಿಸಿ ದುಡಿಸಿ ಮತ್ತೆ ಕಬ್ಬಿಣ ಮಾಡುತ್ತದೆ. ಬದಲಾದ ಮೈಗಳು ತಲೆಯ ಮಾತು ಕೇಳಿ ಮೊದಲಿನಂತೆಯೇ ಆಗಿಬಿಡುತ್ತವೆ. ಆದರೆ ಕಪಿಲನ ಆ ಮೈಯಲ್ಲಿ ಇನ್ನೂ ಏನೋ ಉಳಿದಿದೆ. ಅವನಿಗೆ ಗೊತ್ತಿಲ್ಲದ ಸ್ಪರ್ಶಗಳು ಅದಕ್ಕೆ ಗೊತ್ತು. ಮೈಗೂ ನೆನಪು ಇರುತ್ತದಾ? ಗೋಡೆಯ ಟೊಳ್ಳು ಸದ್ದು ಬಂದದ್ದು ಇಲ್ಲಿ.

ಹಾಗಾದರೆ ‘ಹಯವದನ’ ಯಾರು? ಹಯ ಅಂದರೆ ಕುದುರೆ, ವದನ ಅಂದರೆ ಮುಖ. ಕುದುರೆ ಮುಖದ ಒಬ್ಬ ಮನುಷ್ಯ. ಪೂರ್ತಿ ಮನುಷ್ಯ ಆಗಬೇಕು ಅಂತ ಅವನೂ ಅದೇ ಕಾಳಿಯ ಹತ್ತಿರ ಹೋಗುತ್ತಾನೆ. ಅವನ ಮಾತು ಮುಗಿಯುವ ಮುಂಚೆಯೇ ಕಾಳಿ ಅವನನ್ನು ಪೂರ್ತಿ ಮಾಡಿಬಿಡುತ್ತಾಳೆ, ಪೂರ್ತಿ ಕುದುರೆ! ದನಿ ಮಾತ್ರ ಮನುಷ್ಯನದ್ದೇ ಉಳಿಯುತ್ತದೆ. ಈ ಉಪಕಥೆ ಸುಮ್ನೆ ನಗಿಸೋಕೆ ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ಅದು ಮುಖ್ಯ ಕಥೆಗಿಂತ ಜಾಸ್ತಿ ಹೊತ್ತು ಮನಸ್ಸಿನಲ್ಲಿ ಉಳಿದಿದೆ.

ನಾಗಮಂಡಲ: ಮನೆಯಿಂದ ಹೊರಬಿದ್ದ ದೀಪಗಳು

‘ನಾಗಮಂಡಲ’ (1988) ಹುಟ್ಟಿದ್ದು ಪುರಾಣದಿಂದಲ್ಲ, ಅಡುಗೆಮನೆಯಿಂದ. ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಹೆಣೆದು ಕಾರ್ನಾಡರು ಇದನ್ನು ಮಾಡಿದರು. ಆಗ ಅವರು ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. ಹೆಂಗಸರು ಮಕ್ಕಳಿಗೆ ಉಣ್ಣಿಸುತ್ತಾ ಹೇಳುವ ಕಥೆಗಳಿವು. ಅವು ಮೇಲ್ನೋಟಕ್ಕೆ ಮಕ್ಕಳಿಗೆ. ಆದರೆ ಅಲ್ಲೇ ಕೆಲಸ ಮಾಡುತ್ತಿರುವ ಇತರ ಹೆಂಗಸರ ಕಿವಿಗೂ ಬೀಳಲಿ ಅಂತಲೇ ಹೇಳುವಂಥವು.

ನಾಟಕ ಶುರುವಾಗುವುದು ಒಂದು ಪಾಳು ಗುಡಿಯಲ್ಲಿ. ಮನೆಗಳಲ್ಲಿ ದೀಪ ಆರಿಸಿದ ಮೇಲೆ ಜ್ವಾಲೆಗಳೆಲ್ಲ ಅಲ್ಲಿಗೆ ಬಂದು, ತಮ್ಮ ತಮ್ಮ ಮನೆಯ ಸುದ್ದಿ ಹೇಳಿಕೊಂಡು ಹರಟುತ್ತವೆ. ಅಲ್ಲೇ ಒಬ್ಬ ನಾಟಕಕಾರ ಕೂತಿದ್ದಾನೆ. ತನ್ನ ನಾಟಕಗಳಿಂದ ಜನರನ್ನು ನಿದ್ದೆ ಹೋಗಿಸಿದ ತಪ್ಪಿಗೆ ಅವನಿಗೆ ಸಾವಿನ ಶಾಪ. ಒಂದಿಡೀ ರಾತ್ರಿ ಎಚ್ಚರ ಇದ್ದರೆ ಬದುಕುತ್ತಾನೆ. ತಮ್ಮ ಕಸುಬನ್ನೇ ಇಷ್ಟು ಚೆನ್ನಾಗಿ ಗೇಲಿ ಮಾಡಿಕೊಂಡವರು ಕಡಿಮೆ.

ಕಥೆ ರಾಣಿಯದ್ದು. ಗಂಡ ಅಪ್ಪಣ್ಣ ಅವಳನ್ನು ಮನೆಯಲ್ಲಿ ಕೂಡಿಹಾಕಿ ಬೀಗ ಜಡಿದು ಹೋಗುತ್ತಾನೆ. ಗಂಡನನ್ನು ಒಲಿಸಿಕೊಳ್ಳಲು ಬೇರು ಅರೆದು ಹಾಕಿದ ಸಾರು ರಕ್ತದಂತೆ ಕುದಿಯುತ್ತದೆ. ಹೆದರಿ ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅವಳಿಗೆ ಮರುಳಾಗಿ, ರಾತ್ರಿ ಗಂಡನ ರೂಪದಲ್ಲೇ ಬರುತ್ತದೆ. ಹಗಲು ಬೈಯುವ ಗಂಡ, ರಾತ್ರಿ ಮುದ್ದಿಸುವ ಗಂಡ. ಅವಳು ಬಸುರಿಯಾದಾಗ ಊರ ಪಂಚಾಯಿತಿಯ ಮುಂದೆ ಹಾವು ಹಿಡಿದು ಆಣೆ ಮಾಡುತ್ತಾಳೆ: ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ. ನೂರಕ್ಕೆ ನೂರು ಸತ್ಯ! ಜನ ಅವಳನ್ನು ದೇವಿ ಅನ್ನುತ್ತಾರೆ. ಜನಪದ ಕಥೆ ಸುಖವಾಗಿ ಮುಗಿಯುತ್ತದೆ. ಕಾರ್ನಾಡರು ಕೇಳುತ್ತಾರೆ: ಎರಡು ಬಗೆಯ ಗಂಡ ಇವಳಿಗೆ ನಿಜಕ್ಕೂ ಗೊತ್ತಾಗಲಿಲ್ವಾ? ಮತ್ತೆ ಆ ನಾಗನ ಗತಿ? ಅದಕ್ಕೇ ನಾಟಕಕ್ಕೆ ಒಂದಕ್ಕಿಂತ ಹೆಚ್ಚು ಮುಕ್ತಾಯ. 1997ರಲ್ಲಿ ಟಿ.ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದರು. ಬಹಳ ಜನಕ್ಕೆ ಕಥೆ ಗೊತ್ತಾದದ್ದು ಅಲ್ಲಿಂದಲೇ. ಆ ಮಾತಾಡುವ ದೀಪಗಳಿಗಾಗಿಯಾದರೂ ನಾಟಕ ನೋಡಬೇಕು.

ಕಲ್ಯಾಣ, ಬರಗಾಲ, ಕನಸು

‘ತಲೆದಂಡ’ (1990) ಹನ್ನೆರಡನೇ ಶತಮಾನದ ಕಲ್ಯಾಣದ್ದು. ಬ್ರಾಹ್ಮಣ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ನಡೆಯುವ ಮದುವೆ ಊರಿಗೆ ಬೆಂಕಿ ಹಚ್ಚುತ್ತದೆ. ಮಂಡಲ್ ವರದಿ, ಅಯೋಧ್ಯೆಯ ಗಲಾಟೆ ದೇಶವನ್ನು ಅಲುಗಾಡಿಸುತ್ತಿದ್ದ ದಿನಗಳಲ್ಲಿ ಬರೆದದ್ದು. ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

‘ಅಗ್ನಿ ಮತ್ತು ಮಳೆ’ ವನಪರ್ವದಲ್ಲಿ ಬರುವ ಋಷಿಪುತ್ರ ಯವಕ್ರೀತನ ಕಥೆ, ಬರಗಾಲದ ನಾಡಿನಲ್ಲಿ ನಡೆಯುವಂಥದ್ದು. ಮಹಾಭಾರತದಲ್ಲಿ ದೇವತೆಗಳು ಸತ್ತವರನ್ನೆಲ್ಲ ಬದುಕಿಸಿ ಎಲ್ಲವನ್ನೂ ಸರಿಮಾಡಿಬಿಡುತ್ತಾರೆ. ಕಾರ್ನಾಡರಿಗೆ ಅಷ್ಟು ಸುಲಭದ ದಾರಿ ಬೇಡ. ಕಾಲವನ್ನು ಹಿಂದಕ್ಕೆ ತಿರುಗಿಸಿದರೆ ಅದೇ ಜನ ಅದೇ ತಪ್ಪನ್ನು ಮತ್ತೆ ಮಾಡುವುದಿಲ್ವಾ?

‘ಟಿಪ್ಪುವಿನ ಕನಸುಗಳು’ ಮೊದಲು ಬಿಬಿಸಿ ರೇಡಿಯೋಗೆ ಬರೆದ ನಾಟಕ. ಟಿಪ್ಪು ತನ್ನ ಕನಸುಗಳನ್ನು ಗುಟ್ಟಾಗಿ ಪರ್ಷಿಯನ್‌ನಲ್ಲಿ ತನ್ನ ಕೈಯಾರೆ ಬರೆದಿಟ್ಟಿದ್ದ. ಆ ಹಸ್ತಪ್ರತಿ ಈಗಲೂ ಲಂಡನ್ನಿನಲ್ಲಿದೆ. ಯುದ್ಧಗಳ ಇತಿಹಾಸ ಎಲ್ಲರೂ ಬರೆದರು, ಕನಸುಗಳನ್ನು ಇವರು ಎತ್ತಿಕೊಂಡರು. ಕೊನೆಯ ನಾಟಕ ‘ರಾಕ್ಷಸ ತಂಗಡಿ’ (2018). 1565ರ ಯುದ್ಧ, ವಿಜಯನಗರದ ಅಳಿಯ ರಾಮರಾಯ.

ಪುರಾಣ ಇಲ್ಲದ ನಾಟಕ

ಕೊನೆಯ ಇಪ್ಪತ್ತು ವರ್ಷಗಳಲ್ಲಿ ಅವರು ಇವತ್ತಿನ ಊರಿಗೂ ಬಂದರು. ‘ಒಡಕಲು ಬಿಂಬ’ದಲ್ಲಿ ಇರುವುದು ಒಬ್ಬಳೇ ನಟಿ. ಕನ್ನಡದ ಲೇಖಕಿ ಮಂಜುಳಾ ನಾಯಕ್ ಇಂಗ್ಲಿಷಿನಲ್ಲಿ ಕಾದಂಬರಿ ಬರೆದು ಜಗತ್ಪ್ರಸಿದ್ಧೆಯಾಗಿದ್ದಾಳೆ. ಟಿ.ವಿ. ಸ್ಟುಡಿಯೋದಲ್ಲಿ ಭಾಷಣ ಮುಗಿಸಿ ಎದ್ದು ಹೊರಟರೆ, ಪರದೆಯ ಮೇಲಿನ ಅವಳ ಬಿಂಬ ಹೋಗುವುದೇ ಇಲ್ಲ. ಕೂತುಕೊಂಡು ಅವಳನ್ನೇ ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಆ ಕಾದಂಬರಿ ನಿಜಕ್ಕೂ ಯಾರದ್ದು? ಅರುಂಧತಿ ನಾಗ್ ಇದನ್ನು ಆಡುತ್ತಿದ್ದಾಗ ರೆಕಾರ್ಡ್ ಆದ ಬಿಂಬವೂ ರಂಗದ ಮೇಲಿನ ನಟಿಯೂ ಒಂದು ಕ್ಷಣವೂ ಹಿಂದೆಮುಂದೆ ಆಗದೆ ಜಗಳವಾಡಬೇಕಿತ್ತು. ಬಿಂಬ ಕಾಯುವುದಿಲ್ಲ, ಮಾತು ಮರೆತರೆ ಕಥೆ ಮುಗಿಯಿತು.

ಕನ್ನಡದವರು ಇಂಗ್ಲಿಷಿನಲ್ಲಿ ಯಾಕೆ ಬರೆಯಬೇಕು ಅನ್ನುವ ಜಗಳ ಕಾರ್ನಾಡರಿಗೆ ಹೊಸದೇನಲ್ಲ. ಅವರು ಹೆಚ್ಚಾಗಿ ಕನ್ನಡದಲ್ಲಿ ಬರೆದು ತಾವೇ ಇಂಗ್ಲಿಷಿಗೆ ತರುತ್ತಿದ್ದರು. ಅಲ್ಲಿಂದ ಬೇರೆ ಭಾಷೆಗಳಿಗೆ ದಾರಿ ತೆರೆಯುತ್ತಿತ್ತು. ಮರಾಠಿಯ ವಿಜಯ ತೆಂಡುಲ್ಕರ್, ಬಂಗಾಳಿಯ ಬಾದಲ್ ಸರ್ಕಾರ್, ಹಿಂದಿಯ ಮೋಹನ್ ರಾಕೇಶ್ ಜೊತೆಗೆ ಇವರ ಹೆಸರು ಒಂದೇ ಉಸಿರಿಗೆ ಬರಲು ಇದೂ ಒಂದು ಕಾರಣ.

ಎಲ್ಲಿಂದ ಶುರು ಮಾಡೋದು?

ಓದುವುದಾದರೆ ‘ನಾಗಮಂಡಲ’ ಮೊದಲು. ಒಂದು ಸಂಜೆಗೆ ಮುಗಿಯುತ್ತದೆ. ‘ತುಘಲಕ್’ ಓದುವುದಕ್ಕಿಂತ ನೋಡುವುದು ಮೇಲು. ಇತಿಹಾಸ ಓದಿಕೊಂಡು ಹೋಗಬೇಕಾಗಿಲ್ಲ, ಅಝೀಝ್ ಎಲ್ಲಿ ನಿಂತಿದ್ದಾನೆ ಅಂತ ನೋಡುತ್ತಿದ್ದರೆ ಸಾಕು. ‘ಹಯವದನ’ಕ್ಕೆ ಮಾತ್ರ ತಡವಾಗಿ ಹೋಗಬೇಡಿ. ಮೊದಲಲ್ಲೇ ಭಾಗವತ ಗಣಪತಿಯನ್ನು ಪೂಜಿಸುತ್ತಾನೆ. ಮಾಮೂಲು ಪೂಜೆ ಅಂತ ಪಕ್ಕದವರ ಜೊತೆ ಮಾತಿಗೆ ಇಳಿಯಬೇಡಿ. ಆನೆಯ ತಲೆ, ಮನುಷ್ಯನ ಮೈ, ಮುರಿದ ದಂತ, ಡೊಳ್ಳು ಹೊಟ್ಟೆ. ಇಂಥವನನ್ನೇ ಪರಿಪೂರ್ಣ ಅಂತ ಕೈಮುಗಿದು ಭಾಗವತ ಕಥೆ ಶುರು ಮಾಡುತ್ತಾನೆ.